ಹೆಪಟೈಟಿಸ್ ಎ, ಬಿ: ಜೋಡಿ ಲಸಿಕೆಯೋ, ಬಿಡಿ ಲಸಿಕೆಯೋ?

ದಾವಣಗೆರೆಯ ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬ್‌ಗಳಿಗೆ ಹೊಸದಾಗಿ ಸೇರುವವರಿಗೆ ನಮ್ಮ ಸಲಹೆ ಇಷ್ಟೇ: ಲಿವರ್‌ಗೆ ತಗಲುವ ಈ ಎರಡು ವೈರಸ್‌ಗಳಲ್ಲಿ ಮೊದಲು ಬಿ ಲಸಿಕೆ, ಅದೂ ಬಿಡಿಯಾಗಿ. ಎ ಬೇಕೋ ಬೇಡವೋ ಆಮೇಲೆ ನೋಡೋಣ.

ಕೆಲಸದ ಜಾಗದಲ್ಲಿ ನಿಜವಾದ ಅಪಾಯ ಬಿ. ಬಿ ಇರುವ ರೋಗಿಗೆ ಬಳಸಿದ ಸೂಜಿ, ಲಸಿಕೆ ಆಗದವರ ಕೈಗೆ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಶೇ. 6ರಿಂದ 30. ಒಣಗಿದ ರಕ್ತದ ಕಲೆಯಲ್ಲೂ ವೈರಸ್ 7 ದಿನ ಉಳಿಯುತ್ತದೆ. ಹಾಗಾಗಿ ಬೆಡ್‌ಶೀಟ್ ಒಗೆಯುವವರಿಗೆ, ಕಸ ಎತ್ತುವವರಿಗೆ ಹಾಕಿಸದೆ ಡಾಕ್ಟರು, ನರ್ಸುಗಳಿಗಷ್ಟೇ ಹಾಕಿಸುವುದು ದೊಡ್ಡ ತಪ್ಪು. ಎ ಹರಡುವುದು ಮುಖ್ಯವಾಗಿ ಕೆಟ್ಟ ನೀರು, ಊಟದಿಂದ. ನಮ್ಮಲ್ಲಿ ಎಷ್ಟೋ ಜನರಿಗೆ ಅದು ಚಿಕ್ಕಂದಿನಲ್ಲೇ ಗೊತ್ತಾಗದಂತೆ ಬಂದು ಹೋಗಿರುತ್ತದೆ. ಎ ವಿರುದ್ಧ ರಕ್ಷಣೆ ಈಗಾಗಲೇ ಇದೆಯೇ ಎಂದು ತೋರಿಸುವ ರಕ್ತಪರೀಕ್ಷೆ, ಎಚ್‌ಎವಿ ಐಜಿಜಿ, ಪಾಸಿಟಿವ್ ಬಂದರೆ ಎ ಲಸಿಕೆಗೆ ದುಡ್ಡು ಹಾಕುವುದೇ ಬೇಡ.

ನೆಗೆಟಿವ್ ಬಂದವರಿಗೆ ಎ, ಬಿ ಎರಡೂ ಒಂದೇ ಚುಚ್ಚಿನಲ್ಲಿರುವ ಟ್ವಿನ್‌ರಿಕ್ಸ್‌ನಂಥ ಜೋಡಿ ಲಸಿಕೆ ಅನುಕೂಲವೇ. 0, 1, 6ನೇ ತಿಂಗಳಿಗೆ ಮೂರು ಚುಚ್ಚು. ಬಿಡಿಯಾದರೆ ಬಿ ಮೂರು, ಎ ಎರಡು, ಒಟ್ಟು ಐದು. ಆದರೆ ಜೋಡಿಯ 1 ಮಿ.ಲೀ.ನಲ್ಲಿ ಬಿ 20 ಮೈಕ್ರೊಗ್ರಾಂ ಪೂರ್ತಿ ಇದ್ದರೂ ಎ 720 ಯೂನಿಟ್ ಮಾತ್ರ, ದೊಡ್ಡವರ ಬಿಡಿ ಎ ಲಸಿಕೆ ಹ್ಯಾವ್‌ರಿಕ್ಸ್‌ನ 1440ರಲ್ಲಿ ಅರ್ಧ. ಒಂದು ಡೋಸ್‌ಗೆ ನಿಲ್ಲಿಸಿದರೆ ಎರಡೂ ಅರೆಬರೆ. ತಡವಾದರೆ ಮೊದಲಿಂದ ಶುರು ಮಾಡಬೇಕಿಲ್ಲ, ಉಳಿದದ್ದು ಹಾಕಿಸಿದರಾಯಿತು. ಬಿಡಿ ಬಿ ಲಸಿಕೆಯನ್ನು ನಮ್ಮ ದೇಶದ ಹಲವು ಕಂಪನಿಗಳೇ ತಯಾರಿಸುತ್ತವೆ. ಒಂದರದು ಸಿಗದಿದ್ದರೆ ಇನ್ನೊಂದರದು ನಡೆಯುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಗೆ ಬಿ ಲಸಿಕೆಯೂ ಸೇರಿದೆ, ದುಡ್ಡು ಕೊಡುವ ಮುಂಚೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.

ಲಸಿಕೆ ಕೆಡುವುದು ಹೆಚ್ಚಾಗಿ ಫ್ರಿಜ್‌ನಲ್ಲಿ. ಬೇಸಿಗೆಯ ಬಿಸಿಲಿಗೆ ಹೆದರಿ ವಯಲ್ ಅನ್ನು ಫ್ರೀಜರ್ ಪಕ್ಕ, ಐಸ್‌ಗೆ ತಾಗಿಸಿ ಇಡುತ್ತಾರೆ. ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಒಮ್ಮೆ ಹೆಪ್ಪುಗಟ್ಟಿದರೆ ಅದರಲ್ಲಿನ ಅಲ್ಯೂಮಿನಿಯಂ ಅಂಶ ಗಂಟುಕಟ್ಟಿ ಲಸಿಕೆ ಕೆಲಸಕ್ಕೆ ಬಾರದು. ಕುಲುಕಿದ ಮೇಲೆ ಒಂದೇ ಸಮ ಬೆಳ್ಳಗೆ ಮಬ್ಬಾಗಿರಬೇಕು. ಚೂರು ಚೂರಾಗಿ ಬೇಗನೆ ತಳಕ್ಕೆ ಕೂತರೆ ಹಾಕಿಸಿಕೊಳ್ಳಬೇಡಿ. ಚುಚ್ಚುವುದು ತೋಳಿಗೇ. ಸೊಂಟಕ್ಕೆ ಹಾಕಿದರೆ ಕೊಬ್ಬಿನಲ್ಲಿ ಉಳಿದು ರಕ್ಷಣೆ ಕಮ್ಮಿಯಾಗುತ್ತದೆ.

ಮೂರನೇ ಡೋಸ್ ಆಗಿ 1–2 ತಿಂಗಳಿಗೆ ಆಂಟಿ-ಎಚ್‌ಬಿಎಸ್ ಟೈಟರ್, ಅಂದರೆ ಬಿ ವಿರುದ್ಧ ರಕ್ಷಣೆ ಎಷ್ಟು ಬಂದಿದೆ ಎಂದು ಅಳೆಯುವ ರಕ್ತಪರೀಕ್ಷೆ, ಮಾಡಿಸಿ. 10 ಎಂಐಯು/ಮಿ.ಲೀ.ಗಿಂತ ಕಮ್ಮಿ ಬಂದರೆ ಇನ್ನೊಂದು ಪೂರ್ತಿ ಸುತ್ತು, ಮತ್ತೆ ಟೈಟರ್. ಆಗಲೂ ಏರದಿದ್ದವರು ತಮಗೇ ಬಿ ಸೋಂಕು ಇದೆಯೇ ಎಂದು ತಿಳಿಯಲು ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಕು. ಅದು ನೆಗೆಟಿವ್ ಇದ್ದರೂ, ಬಿ ಇರುವ ರೋಗಿಯ ಸೂಜಿ ಚುಚ್ಚಿದರೆ ಆದಷ್ಟು ಬೇಗ, 24 ಗಂಟೆಯೊಳಗೇ, ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ (ಬಿ ವಿರುದ್ಧದ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ತೆಗೆದುಕೊಳ್ಳಬೇಕು.