ಆರ್‌ವಿ (ಮಲಗಲು, ಅಡುಗೆ ಮಾಡಲು ಜಾಗವಿರುವ ಪ್ರವಾಸದ ಗಾಡಿ) ನಿಲ್ಲಿಸೋದು ಸರೋವರದ ದಡದಲ್ಲೋ, ಬೆಟ್ಟದ ಮೇಲೋ?

ಮಕ್ಕಳು ಚಿಕ್ಕವರಾಗಿದ್ದರೆ ನನ್ನ ಮತ ದಡಕ್ಕೇ. ಬಾಗಿಲು ತೆಗೆದರೆ ನೀರು, ಮೆಟ್ಟಿಲ ಮೇಲೆ ಒದ್ದೆ ಚಪ್ಪಲಿಗಳ ಸಾಲು. ಇಡೀ ದಿನ ಬೇರೆ ಆಟವೇ ಬೇಡ. ಸೊಳ್ಳೆ ಜಾಸ್ತಿ, ನಿಜ. ದೊಡ್ಡವರೊಬ್ಬರ ಕಣ್ಣು ಸದಾ ನೀರಿನ ಕಡೆಗೇ ಇರಬೇಕು. ಮಣ್ಣು ಮೆತ್ತಗಿದ್ದರೆ ಗಾಡಿಗೆ ಆಸರೆ ಕೊಡುವ ಜಾಕ್ ಕೆಳಗೆ ಹಲಗೆ ಇಡಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಗಾಡಿ ಒಂದು ಕಡೆ ವಾಲಿರುತ್ತದೆ.

ಬೆಟ್ಟದ ಮೇಲಿನ ರಾತ್ರಿ ಆಕಾಶ ದಡದಲ್ಲಿ ಸಿಗಲ್ಲ. ಆದರೆ 1000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು ಕೂಡುತ್ತದೆ, ಹೀಟರ್‌ಗೆ ಗ್ಯಾಸ್ ಬೇಗ ಮುಗಿಯುತ್ತದೆ. 2000 ಮೀಟರ್‌ನಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ಅಡುಗೆಗೂ ಹೊತ್ತು ಹಿಡಿಯುತ್ತದೆ. ಇಳಿಯುವಾಗ ಸುಮ್ನೆ ಬ್ರೇಕ್ ಒತ್ತುತ್ತಲೇ ಬರಬೇಡಿ, ಕೆಳಗಿನ ಗೇರ್‌ಗೆ ಹಾಕಿ. ನಡೆಯಬಲ್ಲ ಮಕ್ಕಳಿದ್ದರೆ ಮಾತ್ರ ಮೇಲೆ ಹೋಗಿ.