ದಿನವಹಿ ಪಾವತಿ, ತಿಂಗಳ ಕಂತು, ವಾರದ ಜಮಾ: ಸಾಲ ತೀರಿಸುವ ಮೂರು ಕ್ರಮಗಳ ಹೋಲಿಕೆ

ನನ್ನ ಮೇಲೆ ಒಂದೇ ಸಮಯಕ್ಕೆ ಎರಡು ಬಗೆಯ ಸಾಲಗಳಿದ್ದವು. ಒಂದು, ವರ್ಷಕ್ಕೆ ಶೇಕಡಾ 24ರಂತೆ ಬಡ್ಡಿ ಬೀಳುತ್ತಿದ್ದ ಕ್ರೆಡಿಟ್ ಕಾರ್ಡ್ ಬಾಕಿ. ಇನ್ನೊಂದು, ಸಮಾನ ಮಾಸಿಕ ಕಂತುಗಳಲ್ಲಿ ತೀರಿಸಬೇಕಾಗಿದ್ದ ವೈಯಕ್ತಿಕ ಸಾಲ. ಕಾರ್ಡಿನ ಬಾಕಿಯನ್ನು ಇಳಿಸಲು ಮೂರು ಕ್ರಮಗಳನ್ನು ಒಂದಾದ ಮೇಲೊಂದರಂತೆ ಅನುಸರಿಸಿ ನೋಡಿದೆ: ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಒಂದೇ ಕಂತು, ಮುಂದಿನ ಐದು ತಿಂಗಳು ಪ್ರತಿದಿನವೂ ಕಾರ್ಡಿನ ಖಾತೆಗೇ ನೇರವಾಗಿ ಸಣ್ಣ ಮೊತ್ತ, ಅಲ್ಲಿಂದ ಬಾಕಿ ಮುಗಿಯುವವರೆಗೆ ಪ್ರತಿದಿನ ಬೇರೊಂದು ಖಾತೆಗೆ ಎತ್ತಿಟ್ಟು ವಾರಕ್ಕೊಮ್ಮೆ ಪಾವತಿ. ಲೆಕ್ಕ ಸರಳವಾಗಲೆಂದು ಮೂಲ ಬಾಕಿಯನ್ನು 1,00,000 ಎಂದೂ ತಿಂಗಳ ಕಂತನ್ನು 5,000 ಎಂದೂ ಹಿಡಿದು, ಉಳಿದ ಅಂಕಿಗಳನ್ನು ಅದೇ ಪ್ರಮಾಣಕ್ಕೆ ಹೊಂದಿಸಿ ಕೊಟ್ಟಿದ್ದೇನೆ. ಈ ಅವಧಿಯಲ್ಲಿ ಆ ಕಾರ್ಡಿನಿಂದ ಹೊಸ ಖರೀದಿ ಮಾಡಲಿಲ್ಲ. ಹಳೆಯ ಬಾಕಿ ಉಳಿದಿರುವಾಗ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೇ ಇರುವುದಿಲ್ಲ, ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಏರತೊಡಗುತ್ತದೆ. ಒಂದು ಕೈಯಿಂದ ಕಟ್ಟುತ್ತ ಇನ್ನೊಂದು ಕೈಯಿಂದ ಉಜ್ಜುತ್ತಿದ್ದರೆ ಯಾವ ಕ್ರಮವನ್ನೂ ಹೋಲಿಸಿ ನೋಡಲಾಗದು.

ತಿಂಗಳ ಕಂತಿನ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಗಡುವಿನ ದಿನ ಖಾತೆಯಿಂದ ತಾನಾಗಿಯೇ 5,000 ಕಡಿತವಾಗುವಂತೆ ಮಾಡಿದ್ದೆ. ಆರು ತಿಂಗಳಲ್ಲಿ ಒಮ್ಮೆಯೂ ತಪ್ಪಲಿಲ್ಲ, ಒಮ್ಮೆಯೂ ದಂಡ ಬೀಳಲಿಲ್ಲ. ಆದರೆ ಒಮ್ಮೆಯೂ 5,000ಕ್ಕಿಂತ ಒಂದು ಕಾಸು ಹೆಚ್ಚಾಗಿ ಹೋಗಲಿಲ್ಲ ಎಂಬುದೂ ಅಷ್ಟೇ ನಿಜ. ತಿಂಗಳ ಕೊನೆಯಲ್ಲಿ ಉಳಿದದ್ದನ್ನು ಸೇರಿಸಿ ಕಟ್ಟೋಣ ಎಂದು ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದೆ, ಪ್ರತಿ ತಿಂಗಳೂ ಉಳಿಯುತ್ತಿರಲಿಲ್ಲ. ಮೊದಲ ತಿಂಗಳಿನ 5,000ದಲ್ಲಿ 2,000 ಬಡ್ಡಿಗೇ ಹೋಗಿ ಅಸಲು ಬರೀ 3,000 ಇಳಿದದ್ದನ್ನು ಸ್ಟೇಟ್‌ಮೆಂಟಿನಲ್ಲಿ ನೋಡಿದ ಮೇಲೆಯೂ ನನ್ನ ಖರ್ಚಿನ ರೀತಿ ಬದಲಾಗಲಿಲ್ಲ. ತಿಂಗಳಿಗೊಮ್ಮೆ ಕಾಣುವ ಅಂಕಿಗೆ ಇಪ್ಪತ್ತೊಂಬತ್ತು ದಿನ ಮರೆತಿರುವ ಅವಕಾಶ ಇರುತ್ತದೆ.

ದಿನವಹಿ ಪಾವತಿಗೆ ಹೊರಳಿದ್ದು ಬಡ್ಡಿ ಉಳಿಯುತ್ತದೆ ಎಂಬ ಆಸೆಯಿಂದ. ಕಾರ್ಡಿನ ಬಡ್ಡಿಯನ್ನು ಸಾಮಾನ್ಯವಾಗಿ ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕುವುದರಿಂದ, ಹಣ ಎಷ್ಟು ಬೇಗ ಜಮೆಯಾದರೆ ಅಷ್ಟು ಬಡ್ಡಿ ಕಡಿಮೆ ಎಂಬ ತರ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಎಷ್ಟು ಕಡಿಮೆ ಎಂದು ಕೂತು ಲೆಕ್ಕ ಹಾಕಿದಾಗ ಉತ್ಸಾಹ ಕೊಂಚ ಇಳಿಯಿತು. ತಿಂಗಳ ಕೊನೆಗೆ ಕಟ್ಟುವ 5,000ವನ್ನೇ ದಿನಕ್ಕೆ ಸುಮಾರು 164ರಂತೆ ಹಂಚಿ ಕಟ್ಟಿದರೆ ಆ ಹಣ ಸರಾಸರಿ ಹದಿನೈದು ದಿನ ಮುಂಚೆ ತಲುಪುತ್ತದೆ, ಅಷ್ಟೇ. 5,000ದ ಮೇಲೆ ಹದಿನೈದು ದಿನದ ಬಡ್ಡಿ ಸುಮಾರು 49. ಇಡೀ ಸಾಲಕ್ಕೆ ಇದನ್ನು ವಿಸ್ತರಿಸಿದರೆ, ತಿಂಗಳ ಕಂತಿನಲ್ಲಿ 26 ತಿಂಗಳಿಗೆ ತೆರುವ ಒಟ್ಟು ಬಡ್ಡಿ ಸುಮಾರು 29,000. ದಿನಕ್ಕೆ 164ರಂತೆ ಕಟ್ಟಿದರೆ ಅದು 27,750ರ ಆಸುಪಾಸು. ಉಳಿತಾಯ ಶೇಕಡಾ ನಾಲ್ಕಕ್ಕಿಂತ ತುಸು ಹೆಚ್ಚು. ಹನಿಗೂಡಿ ಹಳ್ಳ ಎಂಬ ಗಾದೆಯನ್ನು ಬಡ್ಡಿಯ ಲೆಕ್ಕ ಅಷ್ಟು ಉದಾರವಾಗಿ ಒಪ್ಪುವುದಿಲ್ಲ.

ನಿಜವಾದ ವ್ಯತ್ಯಾಸ ಬಂದದ್ದು ನಾನು ಲೆಕ್ಕಕ್ಕೇ ಹಿಡಿದಿರದ ಕಡೆಯಿಂದ. 164 ಎಂದು ಒತ್ತುವ ಬದಲು 180 ಎಂದು ಒತ್ತಿದರೆ ಆ ದಿನದ ಖರ್ಚಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ತಿಂಗಳ ಕಂತಿಗೆ ಒಮ್ಮೆಲೇ 475 ಹೆಚ್ಚಿಸಬೇಕೆಂದರೆ ಮನಸ್ಸು ಹಿಂಜರಿಯುತ್ತಿತ್ತು, ಎರಡೂ ಒಂದೇ ಮೊತ್ತವಾಗಿದ್ದರೂ. ದಿನಕ್ಕೆ 180ರಂತೆ ಮೊದಲಿನಿಂದಲೇ ಕಟ್ಟಿಕೊಂಡು ಬಂದಿದ್ದರೆ ಸಾಲ 777 ದಿನಗಳ ಬದಲು 692 ದಿನಗಳಲ್ಲಿ ಮುಗಿದು, ಒಟ್ಟು ಬಡ್ಡಿ ಸುಮಾರು 24,500ಕ್ಕೆ ಇಳಿಯುತ್ತಿತ್ತು. ಅಂದರೆ ಬೇಗ ಕಟ್ಟಿದ್ದರಿಂದ ಸಿಕ್ಕ ಲಾಭ 1,250ರಷ್ಟಾದರೆ, ಆ ಹದಿನಾರರ ಹೆಚ್ಚಳದಿಂದ ಸಿಕ್ಕದ್ದು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ದಿನವಹಿ ಪಾವತಿಯನ್ನು ಹೊಗಳುವವರು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾತನಾಡುವುದನ್ನು ಕೇಳಿದ್ದೇನೆ. ಬಿಡಿಸಿ ನೋಡಿದರೆ ಮಾತ್ರ ಯಾವುದು ಕೆಲಸ ಮಾಡುತ್ತಿದೆ ಎಂಬುದು ತಿಳಿಯುತ್ತದೆ.

ನೇರ ದಿನವಹಿ ಪಾವತಿಯ ಮೊದಲ ತಿಂಗಳಿನಲ್ಲೇ ನನಗೆ ದಂಡ ಬಿತ್ತು. ಒಂದು ದಿನವೂ ಬಿಡದೆ ಕಟ್ಟಿದ್ದೆ, ಆದರೂ. ಕಾರಣ ಹೀಗಿದೆ: ಸ್ಟೇಟ್‌ಮೆಂಟ್ ಸಿದ್ಧವಾಗುವ ಮುನ್ನ ಕಟ್ಟಿದ ಹಣ ಬಾಕಿಯನ್ನು ಇಳಿಸುತ್ತದೆಯೇ ಹೊರತು, ಆ ಸ್ಟೇಟ್‌ಮೆಂಟಿನಲ್ಲಿ ಕೇಳುವ ಕನಿಷ್ಠ ಮೊತ್ತಕ್ಕೆ ಲೆಕ್ಕವಾಗುವುದಿಲ್ಲ. ನನ್ನ ಸ್ಟೇಟ್‌ಮೆಂಟಿನಲ್ಲಿ ಬಾಕಿ 81,000ದಷ್ಟಿತ್ತು, ಕನಿಷ್ಠ ಮೊತ್ತ ಅದರ ಶೇಕಡಾ 5, ಅಂದರೆ 4,050. ಸ್ಟೇಟ್‌ಮೆಂಟಿನ ದಿನದಿಂದ ಗಡುವಿನವರೆಗೆ ಇದ್ದದ್ದು 20 ದಿನ. ಆ ಇಪ್ಪತ್ತು ದಿನದಲ್ಲಿ ನನ್ನಿಂದ ಹೋದದ್ದು 3,600. ಅದಕ್ಕೂ ಹಿಂದಿನ ಹತ್ತು ದಿನಗಳ 1,800 ಖಾತೆಯಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಗಡುವಿನ ಲೆಕ್ಕಕ್ಕೆ ಇಲ್ಲದಂತೆಯೇ ಆಯಿತು. ಬಿದ್ದ ತಡ ಶುಲ್ಕ 600. ತಿಂಗಳಿಗೆ 49ರಂತೆ ನಾನು ಉಳಿಸಬೇಕೆಂದಿದ್ದ ಬಡ್ಡಿಯ ಒಂದು ವರ್ಷದ ಮೊತ್ತ ಒಂದೇ ಸಾಲಿನಲ್ಲಿ ಹೋಯಿತು. ಆಮೇಲಿನ ತಿಂಗಳುಗಳಲ್ಲಿ ಗಡುವಿಗೆ ಮೂರು ದಿನ ಮುಂಚೆ ಕೂಡಿಸಿ ನೋಡಿ, ಕಡಿಮೆ ಬಿದ್ದದ್ದನ್ನು ಒಮ್ಮೆಗೇ ತುಂಬುವುದನ್ನು ರೂಢಿಸಿಕೊಂಡೆ.

ಇನ್ನೊಂದು ತೊಡಕು ಕಣ್ಣಿಗೆ ಸಂಬಂಧಿಸಿದ್ದು. ಪ್ರತಿದಿನ ಒಂದು ಪಾವತಿ ಎಂದರೆ ಸ್ಟೇಟ್‌ಮೆಂಟಿನಲ್ಲಿ ಮೂವತ್ತು ಜಮಾ ಸಾಲುಗಳು. ಇವುಗಳಲ್ಲಿ ರಜೆಯ ದಿನ ಕಟ್ಟಿದ್ದು ಮುಂದಿನ ಕೆಲಸದ ದಿನದ ತಾರೀಖಿಗೆ ಏರಿರುತ್ತದೆ, ಒಮ್ಮೊಮ್ಮೆ ಎರಡು ದಿನದ್ದು ಒಂದೇ ತಾರೀಖಿನಲ್ಲಿ ಬಂದಿರುತ್ತದೆ. ರಾತ್ರಿ ಮಲಗುವ ಮುನ್ನ ಫೋನಿನಲ್ಲಿ 180 ಒತ್ತಿ, ನೋಟ್‌ಬುಕ್ಕಿನಲ್ಲಿ ತಾರೀಖಿನ ಮುಂದೆ ಒಂದು ಗೆರೆ ಎಳೆಯುತ್ತಿದ್ದೆ. ನಾಲ್ಕನೆಯ ತಿಂಗಳಿನಲ್ಲಿ ಜ್ವರದಿಂದ ಐದು ದಿನ ಗೆರೆ ತಪ್ಪಿತು, ಆರನೆಯ ದಿನ 1,080 ಕಟ್ಟಬೇಕೆಂದಾಗ ಅದು ಮತ್ತೆ ತಿಂಗಳ ಕಂತಿನಂತೆಯೇ ಭಾರವಾಗಿ ಕಂಡು, ಇನ್ನೂ ಮೂರು ದಿನ ತಳ್ಳಿದೆ. ದಿನವೂ ಮನಸ್ಸು ಮಾಡಿಯೇ ನಡೆಸಬೇಕಾದ ಕ್ರಮದ ದೌರ್ಬಲ್ಯ ಇದು. ಹಾಗಿದ್ದರೂ ಆ ಐದು ತಿಂಗಳನ್ನು ವ್ಯರ್ಥ ಎನ್ನಲಾರೆ. ಬಾಕಿಯ ಅಂಕಿಯನ್ನು ದಿನವೂ ನೋಡುವವನು ಅನಗತ್ಯ ಖರ್ಚಿಗೆ ಕೈ ಹಾಕುವಾಗ ಒಂದು ಕ್ಷಣ ತಡೆಯುತ್ತಾನೆ. ತಿಂಗಳ ಕಂತಿನಲ್ಲಿ ಈ ತಡೆ ನನಗೆ ಸಿಕ್ಕಿರಲಿಲ್ಲ.

ವೈಯಕ್ತಿಕ ಸಾಲದ ವಿಷಯದಲ್ಲಿ ಮಾತ್ರ ನೇರ ದಿನವಹಿ ಪಾವತಿ ಪೂರ್ತಿ ನಿಷ್ಪ್ರಯೋಜಕವಾಯಿತು. ಅಲ್ಲಿ ಬಡ್ಡಿಯ ಲೆಕ್ಕ ತಿಂಗಳಿಗೊಮ್ಮೆ, ಕಂತು ನಿಗದಿತ. ದಿನವೂ ಕಟ್ಟುತ್ತಿದ್ದ ಸಣ್ಣ ಮೊತ್ತ ಅಸಲಿಗೆ ಹೋಗುತ್ತಿದೆ ಎಂದು ನಾನು ನಂಬಿದ್ದೆ; ಮೂರು ತಿಂಗಳ ನಂತರ ಲೆಕ್ಕಪಟ್ಟಿ ತರಿಸಿ ನೋಡಿದಾಗ ಅದೆಲ್ಲವೂ ‘ಹೆಚ್ಚುವರಿ ಜಮಾ’ ಎಂಬ ಸಾಲಿನಲ್ಲಿ ಸುಮ್ಮನೆ ಕುಳಿತಿತ್ತು, ಅಸಲು ಎಂದಿನಂತೆ ಕಂತಿನ ಪ್ರಕಾರವೇ ಇಳಿದಿತ್ತು. ಅಸಲಿಗೆ ಸೇರಬೇಕಾದರೆ ‘ಭಾಗಶಃ ಮುಂಗಡ ಪಾವತಿ’ ಎಂದು ಬರೆದು ಕೊಡಬೇಕು, ಅದೂ ಒಂದು ಕಂತಿಗಿಂತ ಕಡಿಮೆ ಇರಬಾರದು ಎಂಬ ಉತ್ತರ ಬಂತು. ಈ ಬಗೆಯ ಸಾಲ ಇರುವವರು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಬಡ್ಡಿಯ ಲೆಕ್ಕ ದಿನದ ಬಾಕಿಯ ಮೇಲೋ ತಿಂಗಳ ಬಾಕಿಯ ಮೇಲೋ, ಮತ್ತು ಹೆಚ್ಚುವರಿಯಾಗಿ ಕಟ್ಟಿದ್ದು ಯಾವ ದಿನ ಅಸಲಿನಿಂದ ಕಳೆಯುತ್ತದೆ. ಮುಂಗಡ ಪಾವತಿಗೆ ಶುಲ್ಕವಿದ್ದರೆ ಅದು ಮೂರನೆಯ ಪ್ರಶ್ನೆ.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ದಿನವೂ ವಸೂಲಿ ಮಾಡುವ ಷರತ್ತಿನ ಮೇಲೆಯೇ ಕೊಡುವ ಸಾಲಕ್ಕೂ ನಾನು ಹೇಳುತ್ತಿರುವ ದಿನವಹಿ ಪಾವತಿಗೂ ಸಂಬಂಧವಿಲ್ಲ. ಕೈಗೆ 90 ಕೊಟ್ಟು ದಿನಕ್ಕೆ 1ರಂತೆ ನೂರು ದಿನ ವಸೂಲಿ ಮಾಡಿದರೆ, ನೋಡಲು ಹತ್ತೇ ಹೆಚ್ಚು; ಆದರೆ ಅಸಲು ದಿನವೂ ಇಳಿಯುತ್ತ ಹೋಗುವುದರಿಂದ ವಾರ್ಷಿಕ ಬಡ್ಡಿ ಶೇಕಡಾ 75ನ್ನೂ ದಾಟುತ್ತದೆ. ಅಲ್ಲಿ ಕಂತಿನ ಸಣ್ಣತನ ಸಾಲ ಕೊಟ್ಟವನಿಗೆ ಅನುಕೂಲ.

ಮೂರನೆಯ ಕ್ರಮಕ್ಕೆ ಬಂದದ್ದು ಈ ಎರಡರ ತೊಡಕುಗಳನ್ನು ಅನುಭವಿಸಿದ ಮೇಲೆ, ಮತ್ತು ನನ್ನ ಆಯ್ಕೆ ಇದೇ. ಪ್ರತಿದಿನ ಬೆಳಿಗ್ಗೆ 180 ತಾನಾಗಿಯೇ ಬೇರೊಂದು ಖಾತೆಗೆ ವರ್ಗವಾಗುತ್ತಿತ್ತು. ಆ ಖಾತೆಗೆ ಡೆಬಿಟ್ ಕಾರ್ಡ್ ಇಟ್ಟುಕೊಳ್ಳಲಿಲ್ಲ. ಭಾನುವಾರ ರಾತ್ರಿ ಅಲ್ಲಿದ್ದ 1,260ನ್ನು ಕ್ರೆಡಿಟ್ ಕಾರ್ಡಿನ ಬಾಕಿಗೆ ಕಟ್ಟುತ್ತಿದ್ದೆ. ಹಣ ಸರಾಸರಿ ಮೂರು ದಿನ ಕಾಯುತ್ತದೆಯಾದ್ದರಿಂದ ತಿಂಗಳಿಗೆ ಸುಮಾರು 10ರಷ್ಟು ಬಡ್ಡಿ ಹೆಚ್ಚು ತೆರಬೇಕಾಗುತ್ತದೆ. ದಿನವಹಿಯಿಂದ ಬರುವ 49ರಲ್ಲಿ ಐದನೆಯ ಒಂದು ಭಾಗ ಹೋಗಿ ಉಳಿದದ್ದು ಕೈಗೆ ದಕ್ಕುತ್ತದೆ. ಪ್ರತಿಯಾಗಿ ಸ್ಟೇಟ್‌ಮೆಂಟಿನಲ್ಲಿ ಮೂವತ್ತರ ಬದಲು ನಾಲ್ಕೈದು ಸಾಲುಗಳು, ಮರೆತರೂ ತಪ್ಪದೆ ಹಣ ಎತ್ತಿಡುವ ವ್ಯವಸ್ಥೆ. ಒಂದು ವಾರದ ಮೊತ್ತವನ್ನು ಆ ಖಾತೆಯಲ್ಲಿ ಮೊದಲೇ ಮೀಸಲು ಇಟ್ಟುಕೊಂಡಿದ್ದರಿಂದ ಕನಿಷ್ಠ ಮೊತ್ತಕ್ಕೆ ಕಡಿಮೆ ಬಿದ್ದ ತಿಂಗಳುಗಳಲ್ಲಿ ಅದರಿಂದಲೇ ತುಂಬಿದೆ, ದಂಡ ಮತ್ತೆ ಬರಲಿಲ್ಲ. ವೈಯಕ್ತಿಕ ಸಾಲಕ್ಕೂ ಇದೇ ದಾರಿ ಹಿಡಿದು, ಎತ್ತಿಟ್ಟದ್ದು ಒಂದು ಕಂತಿನಷ್ಟಾದಾಗಲೆಲ್ಲ ಬರೆದು ಕೊಟ್ಟು ಅಸಲಿಗೆ ಸೇರಿಸಿದೆ. ದಿನಗೂಲಿಯಂತೆ ನಿತ್ಯವೂ ಆದಾಯ ಬರುವವರಿಗೆ, ಅದರಲ್ಲೂ ಆದಾಯ ಏರಿಳಿಯುವವರಿಗೆ, ಇದು ಇನ್ನಷ್ಟು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ತಿಂಗಳ ಸಂಬಳದವರಿಗೆ ಸಂಬಳ ಬಂದ ದಿನವೇ ಪೂರ್ತಿ ಕಂತು ಕಟ್ಟಿಬಿಡುವುದು ಬಡ್ಡಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಲಾಭ, ಉಳಿದ ತಿಂಗಳನ್ನು ನಿಭಾಯಿಸಬಲ್ಲೆವೆಂಬ ಧೈರ್ಯವಿದ್ದರೆ.

ಕೊನೆಯ ಸ್ಟೇಟ್‌ಮೆಂಟಿನಲ್ಲಿ ಬಾಕಿ 3,500 ಇತ್ತು. ಮೂರು ಭಾನುವಾರಗಳಲ್ಲಿ 1,260, 1,260, 980 ಕಟ್ಟಿ ಖಾತೆ ಸೊನ್ನೆಯಾಯಿತೆಂದು ನೋಟ್‌ಬುಕ್ಕನ್ನು ಮುಚ್ಚಿಟ್ಟೆ. ಮುಂದಿನ ತಿಂಗಳು ಮತ್ತೆ ಒಂದು ಬಿಲ್ಲು ಬಂತು: 31. ಸ್ಟೇಟ್‌ಮೆಂಟ್ ಆದ ದಿನದಿಂದ ನಾನು ಕಟ್ಟಿ ಮುಗಿಸಿದ ದಿನದವರೆಗಿನ ಬಡ್ಡಿ ಅದು, ಮುಂದಿನ ಬಿಲ್ಲಿನಲ್ಲಿ ಮಾತ್ರ ಕಾಣಿಸಿಕೊಳ್ಳುವಂಥದ್ದು. ಗಮನಿಸದೆ ಬಿಟ್ಟರೆ ಅದಕ್ಕೂ ತಡ ಶುಲ್ಕ ಬೀಳಬಹುದು, ಆದ್ದರಿಂದ ಸೊನ್ನೆಯಾದ ಮೇಲೂ ಒಂದು ಸ್ಟೇಟ್‌ಮೆಂಟಿಗೆ ಕಾಯಬೇಕು. ದಿನದ 180 ಎತ್ತಿಡುವುದನ್ನು ನಾನಿನ್ನೂ ನಿಲ್ಲಿಸಿರಲಿಲ್ಲ. ಆ 31 ಅದರಿಂದಲೇ ಹೋಯಿತು.