ಬಿಸಿಎಫ್ ಫೈಲು: ಪುಣೆಯ ಸೈಟಿನಲ್ಲಿ ಎರಡು ವರ್ಷ ಬಳಸಿದ ಮೇಲೆ

ಬಿಮ್ ಅಂದರೆ ಮಾಹಿತಿ ತುಂಬಿದ ಕಟ್ಟಡದ 3ಡಿ ಮಾಡೆಲ್, ಐಎಫ್‌ಸಿ ಅಂದರೆ ಆ ಮಾಡೆಲನ್ನು ಬೇರೆ ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಬಹುದಾದ ಫೈಲು; ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಇದು ಆ ಮಾಡೆಲ್‌ಗಳ ಜೊತೆ ಓಡಾಡುವ, ಅವುಗಳಲ್ಲಿ ಕಂಡ ತಕರಾರುಗಳನ್ನು ಹೊತ್ತ ಪುಟ್ಟ ಬಿಸಿಎಫ್ ಫೈಲಿನ ಬಗ್ಗೆ. ಸೈಟು ವಾಕಡ್‌ನಲ್ಲಿ, ಎರಡು ಬೇಸ್‌ಮೆಂಟ್ ಇರುವ ವಸತಿ ಟವರು. ಆರ್ಕಿಟೆಕ್ಟ್, ಸ್ಟ್ರಕ್ಚರ್, ಎಂಇಪಿ (ಡಕ್ಟು, ಕರೆಂಟು, ಪ್ಲಂಬಿಂಗ್) ಮೂರೂ ಬೇರೆ ಕಚೇರಿ, ಮೂವರ ಸಾಫ್ಟ್‌ವೇರೂ ಬೇರೆ. ನಮ್ಮದು ಆರು ಜನರ ತಂಡ. ಎಲ್ಲರಿಗೂ ವರ್ಷ ವರ್ಷ ದುಡ್ಡು ಕಟ್ಟುವ ಲೈಸೆನ್ಸ್ ಕೊಡಿಸಲು ಆಗುವುದಿಲ್ಲ. ಒಬ್ಬರಿಗೆ ಪೂರ್ತಿ ಲೈಸೆನ್ಸ್, ಉಳಿದವರಿಗೆ ಬ್ಲೆಂಡರ್ ಮೇಲೆ ಓಡುವ ಉಚಿತ ಬಾನ್ಸಾಯ್. ಕಲಿಯಲು ತಾಳ್ಮೆ ಬೇಕು, ಆದರೆ ಐಎಫ್‌ಸಿ, ಬಿಸಿಎಫ್ ಎರಡನ್ನೂ ಅದು ತೆರೆಯುತ್ತದೆ.

ಬಿಸಿಎಫ್‌ಗೆ ಮೊದಲು ತಕರಾರು ಅಂದರೆ ವಾಟ್ಸಾಪ್‌ನಲ್ಲಿ ಕೆಂಪು ವೃತ್ತ ಹಾಕಿದ ಸ್ಕ್ರೀನ್‌ಶಾಟ್. ಯಾವ ಬೀಮು, ಯಾವ ಗ್ರಿಡ್ಡು ಅಂತ ಕೇಳುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಬಿಸಿಎಫ್ ಒಂದು ಜಿಪ್ ಗಂಟು. ಒಳಗೆ ತಕರಾರಿಗೊಂದು ಫೋಲ್ಡರ್. ಅದರಲ್ಲಿ ಟಿಪ್ಪಣಿ, ಒಂದು ಚಿತ್ರ, ಕ್ಯಾಮೆರಾ ಎಲ್ಲಿ ನಿಂತು ಯಾವ ಕಡೆ ನೋಡುತ್ತಿತ್ತು ಅನ್ನುವ ಅಂಕಿಗಳು, ಮತ್ತೆ ಆ ವಸ್ತುವಿನ 22 ಅಕ್ಷರದ ಗುರುತು, ಅಂದರೆ ಜಿಯುಐಡಿ. ಮಾಡೆಲ್ ಒಳಗಿರುವುದಿಲ್ಲ, ಹಾಗಾಗಿ ಮೇಲ್‌ನಲ್ಲಿ ಸಲೀಸಾಗಿ ಹೋಗುತ್ತದೆ. ಅತ್ತ ಕಡೆಯವರು ತಮ್ಮ ಸಾಫ್ಟ್‌ವೇರಿನಲ್ಲಿ ಒಂದು ಕ್ಲಿಕ್ ಮಾಡಿದರೆ ಪರದೆ ನೇರ ಅದೇ ಬೀಮಿನ ಎದುರು ಹೋಗಿ ನಿಲ್ಲುತ್ತದೆ. ಈ ಒಂದು ಸುಖಕ್ಕಾಗಿಯೇ ಉಳಿದ ಕಿರಿಕಿರಿಯನ್ನು ಸಹಿಸಬಹುದು.

ಬೇಸ್‌ಮೆಂಟಿನ ಸಾಯಿಲ್ ಪೈಪನ್ನೇ, ಅಂದರೆ ಶೌಚಾಲಯದ ಕೊಳಚೆ ಸಾಗಿಸುವ ಪೈಪನ್ನೇ ನೋಡಿ. 1:80 ಇಳಿಜಾರು ಇಟ್ಟುಕೊಂಡರೆ 8 ಮೀಟರ್ ಓಟಕ್ಕೆ ಪೈಪು 100 ಮಿ.ಮೀ. ಕೆಳಗಿಳಿಯುತ್ತದೆ. ಬೀಮಿನ ಕೆಳಗೆ ತೆಗೆದುಕೊಂಡು ಹೋದರೆ ಕಾರಿಗೆ ಬಿಟ್ಟ 2.4 ಮೀಟರ್ ಎತ್ತರ ಉಳಿಯುವುದಿಲ್ಲ. ಬೀಮಿನೊಳಗಿಂದಲೇ ಹೋಗಬೇಕೆಂದರೆ 110 ಮಿ.ಮೀ. ಪೈಪಿಗೆ 160ರ ಸ್ಲೀವ್, ಅಂದರೆ ಪೈಪು ತೂರಿಸುವ ಹೊರಕೊಳವೆ ಬೇಕು. ಅದು ಬೀಮಿನ ಆಳದ ನಡುವಿನ ಮೂರನೇ ಒಂದು ಭಾಗದಲ್ಲಿ, ಕಾಲಮ್ಮಿನ ಮುಖದಿಂದ ದೂರ ಇರಬೇಕು, ಸ್ಟ್ರಕ್ಚರಲ್ ಕನ್ಸಲ್ಟಂಟ್ ಒಪ್ಪಬೇಕು, ಮತ್ತು ಕಾಂಕ್ರೀಟ್ ಬೀಳುವ ಮೊದಲೇ ಶಟರಿಂಗ್ ಒಳಗೆ ಕೂತಿರಬೇಕು. ತಪ್ಪಿದರೆ ಗಟ್ಟಿಯಾದ ಕಾಂಕ್ರೀಟ್ ಕೊರೆಯುವ ಕೋರ್ ಕಟಿಂಗ್ ಮಷಿನ್ ಬರುತ್ತದೆ, ಅದರ ಬಾಯಿಗೆ ಬೀಮಿನ ಕಬ್ಬಿಣದ ರಿಂಗೂ ಸಿಗುತ್ತದೆ, ರಾಡೂ ಸಿಗುತ್ತದೆ. ಇನ್ನೊಂದು ಎಚ್ಚರ: ಮಾಡೆಲಿನಲ್ಲಿ ಪೈಪನ್ನು ಇಳಿಜಾರಿಲ್ಲದೆ ಮಟ್ಟಸವಾಗಿ ಎಳೆದಿದ್ದರೆ ಕ್ಲ್ಯಾಶ್ ಟೆಸ್ಟ್ (ಯಾವುದು ಯಾವುದಕ್ಕೆ ಹೊಡೆಯುತ್ತದೆ ಅನ್ನುವ ತಪಾಸಣೆ) ಪಾಸಾಗುತ್ತದೆ, ಸೈಟು ಫೇಲಾಗುತ್ತದೆ. ಪ್ಲಂಬಿಂಗ್ ಫೈಲು ಬಂದ ತಕ್ಷಣ ಮೊದಲು ನೋಡಬೇಕಾದ್ದು ಪೈಪಿನ ಎರಡು ತುದಿಗಳ ಲೆವೆಲ್.

ನಿರೀಕ್ಷಿಸದೆ ಸಿಕ್ಕ ಖುಷಿ ಕನ್ನಡದ್ದು. ಸೈಟಿನ ಬಾರ್ ಬೆಂಡಿಂಗ್ ಗ್ಯಾಂಗು ಯಾದಗಿರಿ, ಕಲಬುರಗಿ ಕಡೆಯದು. ಬಿಸಿಎಫ್ ಟಿಪ್ಪಣಿ ಯುನಿಕೋಡ್‌ನಲ್ಲೇ ಇರುವುದರಿಂದ 'ಮೇಸ್ತ್ರಿ, ಈ ಬೀಮಿನ್ಯಾಗ 160ರ ಸ್ಲೀವ್ ಬರತದ್ರಿ, ರಿಂಗ್ ಕಟ್ಟೂಕಿಂತ ಮೊದ್ಲ ಇಡ್ರಿ' ಅಂತ ಬರೆದರೆ ಒಂದು ಒತ್ತಕ್ಷರವೂ ಕೆಡದೆ ಸೈಟಿನ ಟ್ಯಾಬ್ಲೆಟ್ಟಿನಲ್ಲಿ ಮೂಡುತ್ತದೆ. ಪಕ್ಕದಲ್ಲಿ ಅದೇ ಬೀಮಿನ ಚಿತ್ರ. ಇಂಗ್ಲಿಷ್ ಡ್ರಾಯಿಂಗನ್ನು ಹಿಂದಿಯಲ್ಲಿ ಕೇಳಿ ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವ ಸುತ್ತು ತಪ್ಪಿತು. ಐಎಫ್‌ಸಿ ಫೈಲಿನೊಳಗೆ ಮಾತ್ರ ಕನ್ನಡ ಹೆಸರು ಇಡಬೇಡಿ. ಅಲ್ಲಿ ಪ್ರತಿ ಅಕ್ಷರವೂ ಸಂಕೇತ ಸಂಖ್ಯೆಯಾಗಿ ಕೂರುತ್ತದೆ, ಕೆಲವು ವ್ಯೂವರ್‌ಗಳು ಆ ಸಂಖ್ಯೆಗಳನ್ನೇ ಹಾಗೇ ತೋರಿಸಿಬಿಡುತ್ತವೆ.

ವಾರದ ಕ್ರಮ ಹೀಗೆ. ಪುಣೆಯಲ್ಲಿ ರಿಪೇರಿಗೆಂದು ಕರೆಂಟ್ ತೆಗೆಯುವುದು ಸಾಮಾನ್ಯವಾಗಿ ಗುರುವಾರ, ಆದ್ದರಿಂದ ಮೂವರ ಐಎಫ್‌ಸಿಯೂ ಬುಧವಾರ ಸಂಜೆಯೊಳಗೆ ಬರಬೇಕು. ಮೊದಲು ಸ್ಟ್ರಕ್ಚರಿಗೂ ಸಾಯಿಲ್ ಪೈಪಿಗೂ ಟೆಸ್ಟ್, ಯಾಕೆಂದರೆ ಇಳಿಜಾರಿನ ಪೈಪಿಗೆ ದಾರಿ ಬದಲಿಸುವ ಸ್ವಾತಂತ್ರ್ಯ ಎಲ್ಲಕ್ಕಿಂತ ಕಡಿಮೆ. ಆಮೇಲೆ ಡಕ್ಟು, ನಂತರ ಸ್ಪ್ರಿಂಕ್ಲರ್, ಕೊನೆಗೆ ಕೇಬಲ್ ಟ್ರೇ. ಟಾಲರೆನ್ಸ್, ಅಂದರೆ ಲೆಕ್ಕಕ್ಕೆ ಹಿಡಿಯದೆ ಬಿಡುವ ತಾಕಲಾಟ, 10 ಮಿ.ಮೀ.; ಸೊನ್ನೆ ಇಟ್ಟರೆ ಗೋಡೆಗೆ ತಾಗಿದ ಪ್ರತಿ ಕ್ಲ್ಯಾಂಪೂ ಕ್ಲ್ಯಾಶ್ ಆಗಿ ಬರುತ್ತದೆ. ಒಂದೇ ಪೈಪು ಐದು ಬೀಮಿಗೆ ಹೊಡೆದರೆ ಐದು ತಕರಾರು ಬರೆಯಬಾರದು, ಒಂದೇ ಬರೆಯಬೇಕು. ತಕರಾರು ಎತ್ತಿದವರೇ ಮುಚ್ಚಬೇಕು. ಉತ್ತರ ಕೊಟ್ಟವರಿಗೆ ಮುಚ್ಚುವ ಹಕ್ಕು ಕೊಟ್ಟರೆ ಕೆಲಸ ಆಗದೆ ಪಟ್ಟಿ ಮಾತ್ರ ಖಾಲಿಯಾಗುತ್ತದೆ.

ಮೊದಲ ವರ್ಷದ ಉತ್ಸಾಹ ಇಳಿದದ್ದು ಜಿಯುಐಡಿ ವಿಷಯದಲ್ಲಿ. ಡ್ರಾಫ್ಟ್ಸ್‌ಮನ್ ಬೀಮನ್ನು ಸರಿಸುವ ಬದಲು ಅಳಿಸಿ ಹೊಸದಾಗಿ ಎಳೆದರೆ ಅದಕ್ಕೆ ಹೊಸ ಗುರುತು ಹುಟ್ಟುತ್ತದೆ. ಹಳೆಯ ತಕರಾರು ತೆರೆದಾಗ ಕ್ಯಾಮೆರಾ ಸರಿಯಾದ ಜಾಗಕ್ಕೇ ಹೋಗುತ್ತದೆ, ಆದರೆ ಅಲ್ಲಿ ಯಾವುದೂ ಸೆಲೆಕ್ಟ್ ಆಗಿರುವುದಿಲ್ಲ. ತಕರಾರು ಬಗೆಹರಿಯಿತೋ, ಬೀಮೇ ಮಾಯವಾಯಿತೋ ತಿಳಿಯುವುದಿಲ್ಲ. ಒಂದು ಮಹಡಿಯನ್ನು ಹೀಗೆ ಮರು ಎಳೆದರೆ ಆ ಮಹಡಿಯ ಇಡೀ ಪಟ್ಟಿಯನ್ನು ಕೈಯಿಂದ ಕೂತು ಹೊಂದಿಸಬೇಕು. ಇದು ಸಣ್ಣ ದೋಷವಲ್ಲ. ರೆವಿಟ್ ಎಂಬ ಮಾಡೆಲಿಂಗ್ ಸಾಫ್ಟ್‌ವೇರ್ ಬಳಸುವವರು ಎಕ್ಸ್‌ಪೋರ್ಟ್ ಮಾಡುವಾಗ ಐಎಫ್‌ಸಿ ಜಿಯುಐಡಿಯನ್ನು ಎಲಿಮೆಂಟಿನ ಪ್ಯಾರಾಮೀಟರಿನಲ್ಲಿ ಉಳಿಸುವ ಆಯ್ಕೆಗೆ ಟಿಕ್ ಹಾಕಬೇಕು. ಅಳಿಸಿ ಎಳೆಯುವ ಚಾಳಿಗೆ ಅದು ಮದ್ದಲ್ಲ, ಗುರುತು ತಾಳೆ ನೋಡಲು ಮಾತ್ರ ನೆರವಾಗುತ್ತದೆ.

ಎರಡನೇ ತಲೆನೋವು ಮೂಲಬಿಂದು, ಅಂದರೆ ಮಾಡೆಲಿನ ಅಳತೆಗಳು ಸೊನ್ನೆಯಿಂದ ಶುರುವಾಗುವ ಜಾಗ. ಬಿಸಿಎಫ್‌ನ ಕ್ಯಾಮೆರಾ ಅಂಕಿಗಳು ಮಾಡೆಲಿನ ಮೂಲಬಿಂದುವನ್ನೇ ನಂಬಿರುತ್ತವೆ. ಸರ್ವೆಯವರು ಯುಟಿಎಂ ಎಂಬ ನಕ್ಷೆ ಪದ್ಧತಿಯ 43 ಉತ್ತರ ವಲಯದ ಅಂಕಿ ಕೊಟ್ಟರೆ ಪುಣೆಯ ನಾರ್ದಿಂಗ್ (ಸಮಭಾಜಕದಿಂದ ಉತ್ತರಕ್ಕಿರುವ ದೂರ) 20 ಲಕ್ಷ ಮೀಟರಿನ ಮೇಲಿರುತ್ತದೆ. ಅಷ್ಟು ದೂರದಲ್ಲಿ ಕಟ್ಟಡ ಕೂರಿಸಿದರೆ ಗೋಡೆಯ ಅಂಚುಗಳು ಪರದೆಯ ಮೇಲೆ ನಡುಗುತ್ತವೆ. ಒಬ್ಬರು ಸರ್ವೆ ಬಿಂದು, ಇನ್ನೊಬ್ಬರು ಗ್ರಿಡ್ ಮೂಲೆ ಹಿಡಿದರಂತೂ ಕ್ಲಿಕ್ ಮಾಡಿದಾಗ ಬರುವುದು ಬರೀ ಖಾಲಿ ಬೂದು ಪರದೆ. ಎ ಮತ್ತು 1 ಗ್ರಿಡ್ ಕೂಡುವ ಜಾಗವನ್ನೇ ಸೊನ್ನೆ ಅಂತ ಮೂವರೂ ಒಪ್ಪಿಕೊಳ್ಳಬೇಕು. ನಿಜವಾದ ಸರ್ವೆ ಅಂಕಿ, ಉತ್ತರದ ಕೋನ ಐಎಫ್‌ಸಿ 4ನೇ ಆವೃತ್ತಿಯ ಮ್ಯಾಪ್ ಕನ್ವರ್ಷನ್ ಅನ್ನುವ ಜಾಗದಲ್ಲಿ ಇರಲಿ. 2x3 ಆವೃತ್ತಿಯಲ್ಲಿ ಆ ಸೌಲಭ್ಯ ಇಲ್ಲ. ಪ್ರತಿ ಫೈಲಿನಲ್ಲೂ ಸೊನ್ನೆಯ ಮೇಲೆ ಒಂದು ಮೀಟರಿನ ಘನ ಇಡಿಸಿ. ಮೂರು ಘನಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಮಾತ್ರ ಮುಂದಿನ ಕೆಲಸ.

ಬಿಸಿಎಫ್‌ಗೆ ನನ್ನ ಅಂಕ 5ಕ್ಕೆ 4. ಮೂರು ಕಚೇರಿಗಳೂ ಒಂದೇ ಸಾಫ್ಟ್‌ವೇರಿನಲ್ಲಿದ್ದು ಒಂದೇ ಕ್ಲೌಡ್‌ಗೆ ದುಡ್ಡು ಕಟ್ಟುತ್ತಿದ್ದರೆ ಇದರ ಅಗತ್ಯ ಅಷ್ಟಾಗಿ ಬೀಳದು. ನಮ್ಮಂಥ ಬೆರಕೆ ತಂಡಕ್ಕೆ ಇದೇ ಸರಿ, ಮುಂದಿನ ಟವರಿಗೂ ಇದೇ. ಆದರೆ ಈ ಸಲ ಕನ್ಸಲ್ಟಂಟ್‌ಗಳ ಕರಾರಿನಲ್ಲೇ ಮೂರು ಷರತ್ತು ಸೇರಿಸಬೇಕು: ಮೂಲಬಿಂದು ಯಾವುದು, ಎಲಿಮೆಂಟ್ ಅಳಿಸಿ ಎಳೆದರೆ ಹಳೆ-ಹೊಸ ಗುರುತಿನ ಪಟ್ಟಿ ಕೊಡಬೇಕು, ತೆರೆದ ತಕರಾರು ಇರುವ ಜಾಗಕ್ಕೆ ಜಿಎಫ್‌ಸಿ (ಕಟ್ಟಲು ಒಪ್ಪಿಗೆ ಸಿಕ್ಕ) ಡ್ರಾಯಿಂಗ್ ಬಿಡುಗಡೆ ಮಾಡಬಾರದು.